ಒಂದನ್ನೇ ಕೊಳ್ಳೋದಾದ್ರೆ: ಬೈನಾಕ್ಯುಲರಾ, ಜೂಮ್ ಕ್ಯಾಮೆರಾನಾ?

ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಹಕ್ಕಿ ನೋಡೋಕೆ ಯಾವುದು ಕೊಳ್ಳಲಿ ಅಂತ ಕೇಳಿದಿರಿ ಅಲ್ವಾ? ದುಡ್ಡಿನ ಲೆಕ್ಕದಲ್ಲಿ 8×42 ಬೈನಾಕ್ಯುಲರ್ (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು) ಅಗ್ಗ. ಒಳ್ಳೆಯ ಜೂಮ್ ಕ್ಯಾಮೆರಾಕ್ಕೆ ಅದರ ಹಲವು ಪಟ್ಟು ಬೇಕು, ಜೊತೆಗೆ ಬ್ಯಾಟರಿ ಚಾರ್ಜ್ ಮಾಡುವ ರಗಳೆ.

ಮುಂಜಾನೆಯ ಮಬ್ಬಿನಲ್ಲಿ 42 ಮಿಲಿಮೀಟರ್ ಗಾಜು ಚೆನ್ನಾಗಿ ತೋರಿಸುತ್ತದೆ. ಕ್ಯಾಮೆರಾದ ಪುಟ್ಟ ಸೆನ್ಸರ್ ಚಿತ್ರವನ್ನೆಲ್ಲ ರವೆರವೆ ಮಾಡಿಬಿಡುತ್ತದೆ. ಹಾರುವ ಹಕ್ಕಿಯ ಬೆನ್ನು ಹತ್ತೋದೂ ಬೈನಾಕ್ಯುಲರ್‌ನಲ್ಲೇ ಸಲೀಸು.

ಗುರುತಿಸೋದು ಮಾತ್ರ ಬೇರೆ ಕಥೆ. ಪಿಪಿಟ್ ಅನ್ನೋ ಪುಟ್ಟ ಹುಲ್ಲುಗಾವಲು ಹಕ್ಕಿಗಳೆಲ್ಲ ಕಂದು ಬಣ್ಣ, ಮೈಮೇಲೆ ಗೆರೆ, ಎಲ್ಲ ಒಂದೇ ಥರ! ಎದೆಯ ಗೆರೆ, ಹಿಂಬೆರಳಿನ ಉಗುರು ಎಷ್ಟುದ್ದ ಅಂತ ಮನೆಗೆ ಬಂದು ನಿಧಾನವಾಗಿ ನೋಡೋಕೆ ಫೋಟೊನೇ ಬೇಕು.

ಹೊಸಬರಿಗೆ, ಮಕ್ಕಳ ಜೊತೆ ಹೋಗುವವರಿಗೆ ಬೈನಾಕ್ಯುಲರ್ ಸಾಕು. ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಹಾಕುವ ಚಟ ಹತ್ತಿದ್ದರೆ ಕ್ಯಾಮೆರಾ ತಗೊಳ್ಳಿ.