ಕತ್ತಲ ಗುಹೆಗೆ ಬಣ್ಣ ಬಳಿಯಲು: ಜೆಲ್ ಹಾಕಿದ ಟಾರ್ಚೋ, ಎಲ್‌ಇಡಿ ಸ್ಟಿಕ್ಕೋ?

ನೆಲದಡಿಯ ಲೈಟ್ ಪೇಂಟಿಂಗ್‌ಗೆ (ಕತ್ತಲಲ್ಲಿ ಕ್ಯಾಮೆರಾದ ಶಟರ್ ತೆರೆದಿಟ್ಟು ಬೆಳಕಿನಿಂದ ಚಿತ್ರ ಬಿಡಿಸುವುದಕ್ಕೆ) ನನ್ನ ಮೊದಲ ಆಯ್ಕೆ ಈಗಲೂ ಸಾದಾ ಟಾರ್ಚ್, ಅದರ ಮುಂದೊಂದು ಬಣ್ಣದ ಜೆಲ್, ಅಂದರೆ ಬೆಳಕು ಹಾಯುವ ತೆಳು ಪ್ಲಾಸ್ಟಿಕ್ ಹಾಳೆ. ಕೆಂಪು, ಹಸಿರು, ನೀಲಿ ದೀಪಗಳನ್ನು ಬೆರೆಸಿ ಬಣ್ಣ ಕೊಡುವ ಆರ್‌ಜಿಬಿ ಎಲ್‌ಇಡಿ ಸ್ಟಿಕ್ ಕೊಂಡು ಗುಹೆ, ಸುರಂಗ, ನೆಲಮಾಳಿಗೆಗಳಿಗೆಲ್ಲ ಎರಡನ್ನೂ ಒಯ್ದು ನೋಡಿದ ಮೇಲೂ ಆ ಮಾತು ಬದಲಾಗಿಲ್ಲ.

ಸ್ಟಿಕ್ಕಿನ ಆಕರ್ಷಣೆ ಸುಳ್ಳಲ್ಲ. ಗುಂಡಿ ಒತ್ತಿದರೆ ಬಣ್ಣ ಬದಲಾಗುತ್ತದೆ, ಅಡ್ಡ ಹಿಡಿದು ಒಮ್ಮೆ ಬೀಸಿದರೆ ಗಾಳಿಯಲ್ಲಿ ಬೆಳಕಿನ ಪರದೆಯೇ ಮೂಡುತ್ತದೆ. ಇದು ಟಾರ್ಚಿಗೆ ಆಗದ ಕೆಲಸ.

ಆದರೆ ಆ ಪರದೆ ನಯವಾಗಿ ಬರಬೇಕಲ್ಲ! ಪೂರ್ಣ ಪ್ರಕಾಶದಲ್ಲಿಟ್ಟು ಲೆನ್ಸಿನ ಎದುರು ಬೀಸಿದರೆ ಬೆಳಕು ಬಿಳಿಚಿ, ಬಣ್ಣ ಅಂಚಿಗಷ್ಟೇ ಉಳಿಯುತ್ತದೆ. ಹಾಗಾಗಿ ಪ್ರಕಾಶ ತಗ್ಗಿಸಲೇಬೇಕು. ತೊಂದರೆ ಶುರುವಾಗುವುದೇ ಅಲ್ಲಿ. ನನ್ನ ಬಳಿಯಿರುವಂಥ ಸ್ಟಿಕ್‌ಗಳು ದೀಪವನ್ನು ನಿಜವಾಗಿ ಮಂದ ಮಾಡುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ನಿಂತ ಬೆಳಕಿನಲ್ಲಿ ಕಣ್ಣಿಗೆ ಅದು ತಿಳಿಯದು. ಬೀಸಿದಾಗ ಸೆನ್ಸರ್ ಮಾತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. 200 ಸಲ ಮಿಟುಕುವ ಬೆಳಕನ್ನು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಎಳೆದರೆ ಪ್ರತಿ 1 ಸೆಂಟಿಮೀಟರಿಗೊಂದು ಗೆರೆ. ಪರದೆಯ ಬದಲು ಪೋಣಿಸಿದ ಮಣಿಸರ.

ಬೆರಕೆ ಬಣ್ಣಗಳಲ್ಲಿ ಇನ್ನೂ ಕಷ್ಟ. ಕಿತ್ತಳೆ ಬೇಕೆಂದರೆ ಕೆಂಪು ಪೂರ್ತಿ ಉರಿಯುತ್ತದೆ, ಹಸಿರು ಮಿಟುಕುತ್ತದೆ. ಚಿತ್ರದಲ್ಲಿ ಬರುವುದು ಕಿತ್ತಳೆಯಲ್ಲ, ಕೆಂಪು ಗೆರೆಯ ಮೇಲೆ ಹಳದಿ ತುಣುಕುಗಳು. ಅಚ್ಚ ಕೆಂಪು, ಹಸಿರು, ನೀಲಿಯಂಥ ಬಣ್ಣಗಳನ್ನು ಪೂರ್ಣ ಪ್ರಕಾಶದಲ್ಲಿಟ್ಟರಷ್ಟೇ ಗೆರೆ ಮುರಿಯುವುದಿಲ್ಲ. ಆಗ ಬಿಳಿಚದಂತೆ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು) ಎಫ್/8ರಿಂದ ಎಫ್/16ಕ್ಕೆ ಕಿರಿದಾಗಿಸಿದರೆ, ಹಿಂದಿನ ಗೋಡೆಗೆ ನಾಲ್ಕು ಪಟ್ಟು ಹೊತ್ತು ಬೆಳಕು ಹಿಡಿಯಬೇಕು. ಬಂಡೆಯ ಮೇಲೆ ಬೆಳಕು ಚೆಲ್ಲಲು ಮಾತ್ರವಾದರೆ ಮಿಟುಕು ಅಡ್ಡಿಯಲ್ಲ. ಆದರೆ ಸ್ಟಿಕ್ ಸುತ್ತಲೂ ಚೆಲ್ಲುತ್ತದೆ, ಹಿಡಿದ ನಾನೇ ಚಿತ್ರದಲ್ಲಿ ಮೂಡುತ್ತೇನೆ.

ಟಾರ್ಚ್ ಹಾಗಲ್ಲ. ಮೂತಿಗೊಂದು ಕಪ್ಪು ಕಾಗದದ ಕೊಳವೆ ಸುತ್ತಿ, ಮೈಯ ಮರೆಯಲ್ಲಿ ಹಿಡಿದು, ಪಕ್ಕದಿಂದ ಬೆಳಕು ಬಿಟ್ಟರೆ ಕಲ್ಲಿನ ಒರಟೆಲ್ಲ ಎದ್ದು ಕಾಣುತ್ತದೆ. ಜೆಲ್ ಬದಲಿಸುವುದು ರಗಳೆ ಅನ್ನುವವರಿಗೆ ಹೇಳುವುದಿಷ್ಟೇ: ಟಾರ್ಚ್ ನಂದಿಸಿದರೆ ಅಲ್ಲಿ ಪೂರ್ಣ ಕತ್ತಲು. ಬಲ್ಬ್ ಮೋಡ್‌ನಲ್ಲಿ (ನಾವು ಮುಚ್ಚುವವರೆಗೂ ಶಟರ್ ತೆರೆದಿರುವ ವ್ಯವಸ್ಥೆ) ಶಟರ್ ತೆರೆದೇ ಇರಲಿ, ಹಾಳೆ ಬದಲಿಸಿ ಮುಂದುವರಿಯಬಹುದು, ಚಿತ್ರಕ್ಕೆ ಏನೂ ಆಗದು. ಗುಂಡಿ ಒತ್ತಿ ಬಣ್ಣ ಬದಲಿಸುವ ಸೌಕರ್ಯ ಬೀದಿದೀಪಗಳ ನಡುವೆ ದೊಡ್ಡದು, ನೆಲದಡಿ ಅಲ್ಲ. 1861ರಲ್ಲಿ ಫ್ರೆಂಚ್ ಛಾಯಾಗ್ರಾಹಕ ನಾದಾರ್ ಪ್ಯಾರಿಸ್ಸಿನ ಕ್ಯಾಟಕೂಂಬ್‌ಗಳಲ್ಲಿ (ನೆಲದಡಿಯ ಅಸ್ಥಿ ಸುರಂಗಗಳಲ್ಲಿ) ಕೃತಕ ಬೆಳಕಿಟ್ಟು ತೆಗೆದ ಚಿತ್ರಗಳಿಗೆ 18 ನಿಮಿಷದವರೆಗೂ ಎಕ್ಸ್‌ಪೋಷರ್ ಬೇಕಾಗುತ್ತಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲಲು ಮನುಷ್ಯರ ಜಾಗದಲ್ಲಿ ಗೊಂಬೆಗಳನ್ನೇ ಇಡುತ್ತಿದ್ದರು. ಅಂಥ ಜಾಗದಲ್ಲಿ ಅವಸರಕ್ಕೆ ಬೆಲೆಯಿಲ್ಲ.

ಜೆಲ್‌ನ ದೋಷವೊಂದೇ. ಕಡುನೀಲಿ ಹಾಳೆ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ಹಳದಿಗೆ ಎರಡು ಸುತ್ತು ಸಾಕೆಂದರೆ ನೀಲಿಗೆ ಅದೇ ಗೋಡೆಯ ಮೇಲೆ ಬಹಳ ಹೊತ್ತು ಕೈ ಆಡಿಸಬೇಕು. ಚಿತ್ರದಿಂದ ಚಿತ್ರಕ್ಕೆ ಬಣ್ಣ ಬದಲಾಗದಂತೆ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಒಂದೇ ಅಂಕಿಯಲ್ಲಿಟ್ಟು, ಆಮೇಲೆ ತಿದ್ದಲು ಅನುಕೂಲವಾಗುವ ರಾ ಫೈಲಿನಲ್ಲಿ ತೆಗೆಯಿರಿ.

ಇಎಲ್ ವೈರ್ (ವಿದ್ಯುತ್ತಿನಿಂದ ಉದ್ದಕ್ಕೂ ಹೊಳೆಯುವ ತಂತಿ): ಸಣ್ಣ ಆಕೃತಿಗಳಿಗೆ ಚೆಂದ, ಗೋಡೆ ಬೆಳಗದು. ಕಿಡಿಗಳಿಗಾಗಿ ಉರಿಯುವ ಸ್ಟೀಲ್ ವೂಲ್ (ಉಕ್ಕಿನ ನಾರು) ತಿರುಗಿಸುವುದನ್ನು ಮುಚ್ಚಿದ ಜಾಗದಲ್ಲಿ ಮಾಡಲೇಬೇಡಿ. ಹೊಗೆಗೆ ಹೋಗಲು ದಾರಿಯಿಲ್ಲ, ಬಾವಲಿಗಳಿದ್ದರೆ ಅವಕ್ಕೂ ಹಿಂಸೆ.

ನಾನು ತೆಗೆಯುವುದು ಹೆಚ್ಚಾಗಿ ಕಲ್ಲು, ಕಮಾನು. ನಿಧಾನವಾಗಿ, ಒಬ್ಬನೇ ಕೆಲಸ ಮಾಡುವವನು. ಒಂದು ಸ್ಟಿಕ್ಕಿನ ದುಡ್ಡಿಗೆ ಒಳ್ಳೆಯ ಟಾರ್ಚ್, ಜೆಲ್ ಹಾಳೆಗಳು ಎರಡೂ ಬಂದು ಇನ್ನೂ ಮಿಗುತ್ತದೆ. ಗಾಳಿಯಲ್ಲಿ ಆಕಾರ ಬಿಡಿಸುವುದೇ ನಿಮಗಿಷ್ಟವಾದರೆ ಸ್ಟಿಕ್ ಬೇಕಾದೀತು. ಕೊಳ್ಳುವ ಮುಂಚೆ ಕಿತ್ತಳೆ ಬಣ್ಣಕ್ಕೆ ಹಾಕಿ, ಪ್ರಕಾಶ ತಗ್ಗಿಸಿ, ಮೊಬೈಲಿನಲ್ಲಿ ಶಟರನ್ನು ಅರ್ಧ ಸೆಕೆಂಡಿಗಿಟ್ಟು ಬೀಸಿ ನೋಡಿ. ಗೆರೆ ತುಂಡಾಗಿ ಬಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.