ಹಳೆಯ ಹಾರರ್: ಮೊದಲು ಯೂನಿವರ್ಸಲ್ಲೋ, ಆರ್‌ಕೆಓನೋ?

ಎರಡೂ ಹಾಲಿವುಡ್ ಸ್ಟುಡಿಯೊಗಳು. ಭೂತ ಕಣ್ಣಿಗೆ ಕಾಣಲೇಬೇಕು ಎನ್ನುವವರಿಗೆ ಯೂನಿವರ್ಸಲ್. ‘ಡ್ರಾಕುಲಾ’, ‘ಫ್ರಾಂಕನ್‌ಸ್ಟೈನ್’ ಎರಡೂ 1931ರವು. ಎರಡನೆಯದನ್ನೇ ಮೊದಲು ನೋಡಿ. ಅದರಲ್ಲಿನ ಕೃತಕ ಜೀವಿಗೆ ಜ್ಯಾಕ್ ಪಿಯರ್ಸ್ ಮಾಡಿದ ಆ ಚಪ್ಪಟೆ ತಲೆಯ ಮೇಕಪ್ ಇವತ್ತಿಗೂ ಸವಕಲಾಗಿಲ್ಲ. ‘ಡ್ರಾಕುಲಾ’ದಲ್ಲಿ ಹಿನ್ನೆಲೆ ಸಂಗೀತ ಇಲ್ಲವೆಂಬಷ್ಟು ಕಡಿಮೆ, ಕೋಟೆ ದಾಟಿದ ಮೇಲೆ ಕಥೆ ನಾಟಕದ ಹಾಗೆ ಎಳೆಯುತ್ತದೆ. ಒಂದು ಎಚ್ಚರಿಕೆ: ‘ಫ್ರಾಂಕನ್‌ಸ್ಟೈನ್’ನ ಹಳೆಯ ಪ್ರಿಂಟುಗಳಲ್ಲಿ ಕೆರೆ ದಂಡೆಯ ಹುಡುಗಿಯ ದೃಶ್ಯಕ್ಕೆ ಕತ್ತರಿ ಬಿದ್ದಿದೆ. ಅದಿಲ್ಲದಿದ್ದರೆ ಆ ಜೀವಿ ಹುಡುಗಿಯನ್ನು ನೀರಿಗೆ ಎಸೆದದ್ದು ಆಟದ ಭರದಲ್ಲಿ, ಕೇಡಿನಿಂದಲ್ಲ ಎಂಬುದೇ ತಿಳಿಯದು. ಕತ್ತರಿಸಿದ ಭಾಗ ಮರಳಿ ಸೇರಿಸಿದ ಪ್ರತಿಯನ್ನೇ ಹುಡುಕಿ.

ಆರ್‌ಕೆಓ 1942ರಲ್ಲಿ ನಿರ್ಮಾಪಕ ವಾಲ್ ಲ್ಯೂಟನ್‌ಗೆ ಹಾರರ್ ಘಟಕ ಕೊಟ್ಟಾಗ ಷರತ್ತುಗಳೂ ಜೊತೆಗಿದ್ದವು: ಚಿತ್ರಕ್ಕೆ 1,50,000 ಡಾಲರ್ ಒಳಗಿನ ಖರ್ಚು, 75 ನಿಮಿಷದೊಳಗಿನ ಅವಧಿ, ಶೀರ್ಷಿಕೆ ಮಾತ್ರ ಸ್ಟುಡಿಯೊ ಹೇಳಿದ್ದು. ಕೈ ಬಿಗಿ, ಹಾಗಾಗಿ ನೆರಳು ಮತ್ತು ಸದ್ದನ್ನೇ ನೆಚ್ಚಿಕೊಂಡರು. ‘ಕ್ಯಾಟ್ ಪೀಪಲ್’ನಲ್ಲಿ ರಾತ್ರಿ ರಸ್ತೆಯಲ್ಲಿ ಇಬ್ಬರು ಹೆಂಗಸರ ಹೈಹೀಲ್ಸ್ ಸದ್ದು, ಹಿಂದಿನದು ತಟ್ಟನೆ ನಿಲ್ಲುತ್ತದೆ. ಆಮೇಲೆ ಬುಸ್ ಎಂದು ನುಗ್ಗುವುದು ಬಸ್ಸು! ಕುರ್ಚಿಯಿಂದ ಹಾರಿಬೀಳುತ್ತೀರಿ.

ಹಗಲಲ್ಲಿ ಮೊಬೈಲ್‌ನಲ್ಲಿ ನೋಡುವುದಾದರೆ ಯೂನಿವರ್ಸಲ್ ಸಾಕು. ಲ್ಯೂಟನ್ ಚಿತ್ರಗಳಿಗೆ ದೀಪ ಆರಿಸಿ, ಹೆಡ್‌ಫೋನ್ ಹಾಕಿ. ಇಲ್ಲವಾದರೆ ‘ಕ್ಯಾಟ್ ಪೀಪಲ್’ನ ಈಜುಕೊಳದ ಗೋಡೆಯ ನೆರಳು ಬರೀ ಕಪ್ಪು ಮಸಿ.