ಕಾರವಾರದಲ್ಲಿ 118, ಶಿರಸಿಯಲ್ಲಿ 116

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಸಕ್ಕರೆ ಒಲೆ ಏರುತ್ತದೆ. ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆಯಲ್ಲಿ ನೆವ್ರಿ, ಕುಲ್‌ಕುಲ್, ಕಡಲೆಬೇಳೆಯ ದೋಸ್, ಪೇರಲೆಯ ಪೇರಾದ್ ಎಲ್ಲವೂ ಇರುತ್ತವೆ. ಆದರೆ ಅಕ್ಕಪಕ್ಕದ ಮಕ್ಕಳ ಕೈ ಮೊದಲು ಹೋಗುವುದು ನಮ್ಮ ಮಾಯ್, ಅಂದರೆ ಅಮ್ಮ, ಮಾಡುವ ಎರಡು ಮಿಠಾಯಿಗಳ ಕಡೆಗೆ. ಒಂದು ಹಾಲಿನ ಟಾಫಿ, ಇನ್ನೊಂದು ಒಣಶುಂಠಿ ಹಾಕಿ ಎಳೆದು ಎಳೆದು ಮಾಡುವ ಬಿಳಿ ಮಿಠಾಯಿ. ಚೌತಿಗೆ ನೆವ್ರಿ ಕಳುಹಿಸುವ ಮನೆಗಳಿಗೆಲ್ಲ ನಾವು ಕ್ರಿಸ್‌ಮಸ್‌ಗೆ ಇವನ್ನು ಕಳುಹಿಸುತ್ತೇವೆ.

ಮಾಯ್‌ಗೆ ಈಗ ಎಂಬತ್ತೆರಡು. ಮೂರು ವರ್ಷಗಳಿಂದ ಒಲೆಯ ಮುಂದೆ ನಿಲ್ಲಲು ಅವಳಿಗೆ ಆಗುತ್ತಿಲ್ಲ, ಸೌಟು ನನ್ನ ಕೈಗೆ ಬಂದಿದೆ. ಮೊದಲ ವರ್ಷ ನನ್ನ ಟಾಫಿ ತಟ್ಟೆ ಬಿಟ್ಟು ಏಳಲೇ ಇಲ್ಲ, ಚಮಚದಲ್ಲಿ ಕೆರೆದು ತಿಂದೆವು. ಎರಡನೆಯ ವರ್ಷ ಅದು ಸಕ್ಕರೆಯ ಮರಳಾಯಿತು. ಆ ವರ್ಷ ಯಾರ ಮನೆಗೂ ಟಾಫಿ ಹೋಗಲಿಲ್ಲ. ಅದಕ್ಕೇ ಕಳೆದ ವರ್ಷ ಪಾಕದ ಥರ್ಮಾಮೀಟರ್ ಕೊಂಡೆ. ಒಂದು ಪೂರ್ತಿ ಹಬ್ಬವನ್ನು ಅದರೊಂದಿಗೆ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಸಹಾಯಕನಾಗಿದ್ದವನು ನಾನು. ಥರ್ಮಾಮೀಟರ್ ನನಗೆ ಹೊಸದಲ್ಲ. ಹಾಗಿದ್ದರೂ ಪ್ರಯೋಗಾಲಯದ ಥರ್ಮಾಮೀಟರನ್ನು ಅಡುಗೆಮನೆಗೆ ತರುವ ಯೋಚನೆಯನ್ನೇ ಮಾಡಲಿಲ್ಲ. ಅದರಲ್ಲಿರುವುದು ಪಾದರಸ. ಕುದಿಯುವ ಪಾಕದಲ್ಲಿ ಅದರ ತುದಿಯ ಗಾಜಿನ ಬುರುಡೆ ಒಡೆದರೆ ಆಗುವ ಅನಾಹುತ ದೊಡ್ಡದು. ದಯವಿಟ್ಟು ಯಾರೂ ಅದನ್ನು ಅಡುಗೆಗೆ ಬಳಸಬೇಡಿ.

ನಾನು ಕೊಂಡದ್ದು ಅಡುಗೆಗೆಂದೇ ಮಾಡಿದ್ದು. ಗಾಜಿನ ಕೊಳವೆ, ಒಳಗೆ ಕೆಂಪು ದ್ರವ, ಹಿಂದೆ ಸ್ಟೀಲಿನ ಪಟ್ಟಿ, ಪಾತ್ರೆಯ ಅಂಚಿಗೆ ಸಿಕ್ಕಿಸಲು ಒಂದು ಕೊಕ್ಕೆ. 40ರಿಂದ 200 ಡಿಗ್ರಿಯವರೆಗೆ ಗುರುತುಗಳಿವೆ. ಬೆಲೆ 640 ರೂಪಾಯಿ. ಕಾರವಾರದ ಪಾತ್ರೆ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸಬೇಕಾಯಿತು. ಮೊದಲು ಬಂದದ್ದರ ಕೆಂಪು ಗೆರೆ ಎರಡು ಕಡೆ ತುಂಡಾಗಿತ್ತು. ಸಾಗಣೆಯಲ್ಲಿ ಅಲುಗಾಡಿದರೆ ಹೀಗಾಗುತ್ತದೆ. ತುಂಡಾದ ಗೆರೆ ತೋರಿಸುವ ಅಂಕಿ ಸುಳ್ಳು. ವಾಪಸು ಕಳುಹಿಸಿ ಬದಲಿ ತರಿಸಿಕೊಳ್ಳಲು ಒಂಬತ್ತು ದಿನ ಹಿಡಿಯಿತು. ಹಬ್ಬದ ಮುಂಚಿನ ಒಂಬತ್ತು ದಿನ ಎಂದರೆ ಕಡಿಮೆಯಲ್ಲ. ಆದ್ದರಿಂದ ಕೊಳ್ಳುವವರು ನವೆಂಬರ್‌ನಲ್ಲೇ ಕೊಳ್ಳಿ. ಬಂದ ಕೂಡಲೇ ಬೆಳಕಿಗೆ ಹಿಡಿದು ಗೆರೆ ಬುಡದಿಂದ ತುದಿಯವರೆಗೆ ಒಂದೇ ಆಗಿದೆಯೇ ನೋಡಿ.

ಎರಡನೆಯದನ್ನು ಕುದಿಯುವ ನೀರಿನಲ್ಲಿಟ್ಟು ನೋಡಿದೆ. ನಮ್ಮ ಮನೆಯಿಂದ ಸಮುದ್ರ ಕೂಗಳತೆಯ ದೂರ. ಇಲ್ಲಿ ನೀರು 100 ಡಿಗ್ರಿಗೇ ಕುದಿಯಬೇಕು. ಸರಿಯಾಗಿ 100 ತೋರಿಸಿತು.

ಪಾಕಕ್ಕೆ ಥರ್ಮಾಮೀಟರ್ ಏಕೆ ಎಂದು ಕೇಳುವವರಿಗೆ ಎರಡು ಮಾತು. ಸಕ್ಕರೆ ಕರಗಿದ ನೀರು ಕುದಿಯುತ್ತಾ ಹೋದಂತೆ ನೀರಿನ ಅಂಶ ಹಾರಿ ಪಾಕ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಕುದಿಯುವ ಬಿಸಿ ಏರುತ್ತದೆ. ಹಾಗಾಗಿ ಬಿಸಿಯನ್ನು ಅಳೆದರೆ ಪಾಕದಲ್ಲಿ ಇನ್ನೂ ಎಷ್ಟು ನೀರು ಉಳಿದಿದೆ ಎಂಬುದನ್ನೇ ಅಳೆದಂತೆ. ತಣ್ಣೀರಿಗೆ ಬಿಟ್ಟಾಗ ಮೆತ್ತನೆಯ ಉಂಡೆಯಾಗುವ ಪಾಕ 112ರಿಂದ 116 ಡಿಗ್ರಿ, ತುಸು ಬಿಗಿಯಾದ ಉಂಡೆ 118ರಿಂದ 120. ಗಾಜಿನಂತೆ ಮುರಿಯುವ ಪಾಕಕ್ಕೆ 146 ದಾಟಬೇಕು. 160 ದಾಟಿದರೆ ಕೆಂಪಗಾಗಿ ಕ್ಯಾರಮೆಲ್ ಆಗತೊಡಗುತ್ತದೆ. 118ಕ್ಕೂ 122ಕ್ಕೂ ನಡುವೆ ಇರುವುದು ಒಂದೆರಡು ನಿಮಿಷ ಮಾತ್ರ. ನಾನು ಎರಡು ವರ್ಷ ಸೋತದ್ದು ಈ ಒಂದೆರಡು ನಿಮಿಷಗಳಲ್ಲಿ.

ಮಾಯ್‌ಗೆ ಈ ಅಂಕಿಗಳು ಬೇಕಿರಲಿಲ್ಲ. ಅವಳ ಹಳೆಯ ನೋಟ್‌ಬುಕ್ಕಿನಲ್ಲಿ, ಕನ್ನಡ ಲಿಪಿಯ ಕೊಂಕಣಿಯಲ್ಲಿ, ‘ಒಂದು ಡಬ್ಬಿ ಸಕ್ಕರೆ, ಅರ್ಧ ಡಬ್ಬಿ ಹಾಲು, ಪಾಕ ಬರುವ ತನಕ’ ಎಂದಷ್ಟೇ ಇದೆ. ಯಾವ ಡಬ್ಬಿ, ಯಾವ ಪಾಕ ಎಂಬುದು ಅವಳ ಬೆರಳುಗಳಿಗೆ ಮಾತ್ರ ಗೊತ್ತು. ಡಬ್ಬಿ ಅಟ್ಟದ ಮೇಲೆ ಸಿಕ್ಕಿತು. ಹಳೆಯ ಹಾಲಿನ ಪುಡಿಯ ಡಬ್ಬಿ. ಸಕ್ಕರೆ ತುಂಬಿ ತೂಗಿದರೆ 460 ಗ್ರಾಂ. ಪಾಕವನ್ನು ಹುಡುಕಲು ಅವಳನ್ನೇ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅವಳ ಮಡಿಲಲ್ಲಿ ಬಾವಿಯ ತಣ್ಣೀರಿನ ಬಟ್ಟಲು, ನನ್ನ ಮುಂದೆ ಥರ್ಮಾಮೀಟರ್. ಅಂಕಿಯನ್ನು ನಾನು ಹೇಳಲಿಲ್ಲ. ಪೊರೆ ಬಂದ ಅವಳ ಕಣ್ಣಿಗೆ ಅದು ಕಾಣುವಂತೆಯೂ ಇರಲಿಲ್ಲ.

112ರಲ್ಲಿ ಒಂದು ತೊಟ್ಟು ಅವಳ ಬಟ್ಟಲಿಗೆ ಬಿಟ್ಟೆ. ನೀರಿನೊಳಗೆ ಬೆರಳಾಡಿಸಿ, “ಇನ್ನೂ ಹರಿಯುತ್ತಿದೆ” ಎಂದಳು. 115ರಲ್ಲಿ ಎರಡು ಬೆರಳ ನಡುವೆ ಉರುಳಿಸಿ, “ಉಂಡೆ ಕಟ್ಟಿತು, ಆದರೆ ನಿಲ್ಲುವುದಿಲ್ಲ” ಎಂದಳು. ಮೂರನೆಯ ತೊಟ್ಟನ್ನು ಹಿಚುಕಿದಳು. ಅದು ಚಪ್ಪಟೆಯಾಗಿ ಮೆಲ್ಲನೆ ಮತ್ತೆ ಮೈ ತುಂಬಿಕೊಂಡಿತು. “ಪುತಾ, ಈಗ ಇಳಿಸು.” ಕೆಂಪು ಗೆರೆ 118ರಲ್ಲಿತ್ತು. ಮರುದಿನ ಮತ್ತೆ ಮಾಡಿದೆವು, 118. ಅದರ ಮರುದಿನ 119. ಪ್ರಯೋಗಾಲಯದಲ್ಲಿ ಒಂದೇ ಪ್ರಯೋಗವನ್ನು ಮೂರು ಸಲ ಮಾಡಿಸಿದಾಗ ವಿದ್ಯಾರ್ಥಿಗಳ ಓದು ಇಷ್ಟು ಹತ್ತಿರ ಬಂದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಅವಳ ನೋಟ್‌ಬುಕ್ಕಿನ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ 118 ಎಂದು ಬರೆದೆ. ಆ ಉಪಕರಣಕ್ಕೆ ಕೊಟ್ಟ ಹಣ ನನ್ನ ಮಟ್ಟಿಗೆ ಅಲ್ಲಿಗೇ ತೀರಿತು.

ಬಿಳಿ ಮಿಠಾಯಿಯ ಪಾಕವನ್ನು ಅವಳು ನೋಡುವುದು ಬೇರೆ ರೀತಿ. ತಣ್ಣೀರಿಗೆ ಬಿಟ್ಟ ಎಳೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. 140ರಲ್ಲಿ ಎಳೆ ಮೊದಲು ಬಾಗಿ ಆಮೇಲೆ ಮುರಿಯಿತು, ಸದ್ದಿಲ್ಲ. 150ರಲ್ಲಿ ಟಕ್ ಎಂದಿತು. ಕಿವಿ ಸ್ವಲ್ಪ ಮಂದವಾಗಿದ್ದರೂ ಆ ಸದ್ದು ಅವಳಿಗೆ ಕೇಳಿಸಿತು. ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆಯ ಬಿಸಿಗೆ ಪಾಕ ಇನ್ನೂ ಎರಡು ಡಿಗ್ರಿ ಏರುತ್ತದೆ. ಆದ್ದರಿಂದ ನಾನೀಗ 148ಕ್ಕೇ ಆರಿಸುತ್ತೇನೆ.

ಆಮೇಲಿನದು ಕೈಯ ಕೆಲಸ. ತುಪ್ಪ ಸವರಿದ ಕಡಪಾ ಕಲ್ಲಿನ ಮೇಲೆ ಪಾಕ ಸುರಿದಾಗ ಅದು ಜೇನಿನ ಬಣ್ಣದ ಗಾಜಿನ ಹಾಳೆಯಂತೆ ಹರಡುತ್ತದೆ. ಶುಂಠಿ ಪುಡಿಯನ್ನು ಆಗ ಉದುರಿಸಬೇಕು, ಒಲೆಯ ಮೇಲೆ ಹಾಕಿದರೆ ಘಮ ಹಾರಿಹೋಗುತ್ತದೆ. ಅಂಚು ಬೇಗ ಆರುತ್ತದೆ, ನಡು ತಡವಾಗಿ. ಹಾಗಾಗಿ ಅಂಚನ್ನು ಸಟ್ಟುಗದಿಂದ ಎತ್ತಿ ನಡುವಿಗೆ ಮಡಚುತ್ತಿರಬೇಕು. ಕೈ ತಾಳುವಷ್ಟು ಬಿಸಿಗೆ ಬಂದಾಗ ಅಂಗೈಗೆ ತುಪ್ಪ ಹಚ್ಚಿಕೊಂಡು ಮುದ್ದೆಯನ್ನು ಎತ್ತಿ, ಹಿಂಬಾಗಿಲ ಚೌಕಟ್ಟಿನಲ್ಲಿ ಹಿಂದೆ ಲಾಟೀನು ತೂಗುತ್ತಿದ್ದ ಕಬ್ಬಿಣದ ಕೊಕ್ಕೆಗೆ ಹಾಕಿ ಎಳೆಯುತ್ತೇವೆ. ಕೊಕ್ಕೆಯನ್ನು ಮೊದಲೇ ತೊಳೆದು ತುಪ್ಪ ಸವರಿರುತ್ತೇವೆ. ಎಳೆ, ಮಡಚು, ಮತ್ತೆ ಕೊಕ್ಕೆಗೆ ಹಾಕು. ಹತ್ತು ಸಲ ಎಳೆಯುವ ಹೊತ್ತಿಗೆ ಜೇನಿನ ಬಣ್ಣ ಹಾಲಿನ ಕೆನೆಯಾಗುತ್ತದೆ. ಇಪ್ಪತ್ತೈದು ಮೂವತ್ತು ಸಲಕ್ಕೆ ರೇಷ್ಮೆ ಸೀರೆಯ ಮಡಿಕೆಯಂತೆ ಹೊಳೆಯುತ್ತದೆ. ಒಳಗೆ ಸೇರಿದ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳಿಂದಲೇ ಆ ಬಿಳುಪು. ಬಾಯಲ್ಲಿ ಅದು ಪುಡಿಯಾಗುವುದಕ್ಕೂ ಅವೇ ಕಾರಣ. ಮಗಳು ತುಪ್ಪ ಸವರಿದ ಕತ್ತರಿಯಿಂದ ಕತ್ತರಿಸುತ್ತಾ ಹೋದಳು. ಚಿಕ್ಕ ಮಕ್ಕಳನ್ನು ಮಾತ್ರ ಈ ಹೊತ್ತಿಗೆ ಅಂಗಳಕ್ಕೆ ಕಳುಹಿಸಿಬಿಡಿ. ಈ ಪಾಕ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ, ಕುದಿನೀರಿಗಿಂತ ಕೆಟ್ಟದಾಗಿ ಸುಡುತ್ತದೆ.

ನಿಂಬೆರಸದ ವಿಷಯವನ್ನೂ ಹೇಳಬೇಕು. ಅರ್ಧ ಕಿಲೋ ಸಕ್ಕರೆಗೆ ಅರ್ಧ ಚಮಚ ಹಿಂಡಿದರೆ ಹುಳಿಗೆ ಒಂದಿಷ್ಟು ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಪಾಕ ಮರಳಾಗುವುದು ತಪ್ಪುತ್ತದೆ. ಹೆಚ್ಚು ಹಿಂಡಿದರೆ ಮಿಠಾಯಿ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ನಮ್ಮ ಕಡಲ ಗಾಳಿಯಲ್ಲಂತೂ ಒಂದೇ ರಾತ್ರಿ ಸಾಕು. ಕತ್ತರಿಸಿದ ದಿನವೇ ಬೆಣ್ಣೆ ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಬೇಕು.

ಥರ್ಮಾಮೀಟರಿನ ಕೊರತೆಗಳೂ ಇವೆ. ಬುರುಡೆ ಪಾಕದಲ್ಲಿ ಪೂರ್ತಿ ಮುಳುಗಿರಬೇಕು, ಪಾತ್ರೆಯ ತಳಕ್ಕೆ ತಾಗಬಾರದು. ಅಗಲ ಬಾಣಲೆಯಲ್ಲಿ ಅರ್ಧ ಕಿಲೋ ಪಾಕ ಅಷ್ಟು ಆಳ ನಿಲ್ಲುವುದೇ ಇಲ್ಲ. ನಾನು ಇದಕ್ಕಾಗಿ ಕಿರಿದಾದ, ಎತ್ತರದ ಪಾತ್ರೆಯೊಂದನ್ನು ಹುಡುಕಬೇಕಾಯಿತು. ಹಾಲಿನ ಟಾಫಿಯನ್ನು ತಳ ಹಿಡಿಯದಂತೆ ಕೈಬಿಡದೆ ತಿರುವಬೇಕು, ಆಗ ಸೌಟು ಪ್ರತಿ ಸುತ್ತಿಗೂ ಕೊಳವೆಗೆ ಬಡಿಯುತ್ತದೆ. ಆವಿ ಕಟ್ಟಿ ಅಂಕಿ ಮಸುಕಾಗುತ್ತದೆ. ಅಂಕಿಗಳ ಕಪ್ಪು ಬಣ್ಣವೂ ಒಂದೇ ಹಬ್ಬಕ್ಕೆ ಅಲ್ಲಲ್ಲಿ ಅಳಿಸಿದೆ, 118ರ ಹತ್ತಿರ ನಾನೇ ಉಗುರುಬಣ್ಣದಲ್ಲಿ ಗೆರೆ ಹಾಕಿಕೊಂಡಿದ್ದೇನೆ. ಬಿಸಿ ಪಾಕದಿಂದ ತೆಗೆದದ್ದನ್ನು ತಣ್ಣೀರಿಗೆ ಇಡಲೇಬಾರದು, ಗಾಜು ಸೀಳುತ್ತದೆ. ಪಕ್ಕದಲ್ಲಿ ಬಿಸಿನೀರಿನ ಲೋಟ ಇಟ್ಟುಕೊಳ್ಳಿ.

ಪೇರಾದ್‌ಗೆ ಇದು ಕೆಲಸಕ್ಕೆ ಬಾರದು. ರವಿವಾರದ ಸಂತೆಯಲ್ಲಿ ತಂದ ಪೇರಲೆ ಹಣ್ಣನ್ನು ಬೇಯಿಸಿ, ಜರಡಿಯಲ್ಲಿ ಬೀಜ ಸೋಸಿ, ಸಕ್ಕರೆ ಹಾಕಿ ಕಾಯಿಸುವಾಗ ತಿರುಳು ಬುರುಡೆಗೆ ಮೆತ್ತಿಕೊಂಡು ಅಂಕಿ ಹಿಂದೆ ಬೀಳುತ್ತದೆ. ಮೇಲಾಗಿ ಪೇರಾದ್ ಗಟ್ಟಿಯಾಗುವುದು ಬರಿಯ ಸಕ್ಕರೆಯಿಂದಲ್ಲ, ಹಣ್ಣಿನಲ್ಲಿರುವ ಅಂಟು ಪದಾರ್ಥವಾದ ಪೆಕ್ಟಿನ್‌ನಿಂದ. ಅಲ್ಲಿ ಮಾಯ್ ಹೇಳುವ ಗುರುತೇ ಸರಿ: ಮುದ್ದೆ ಪಾತ್ರೆಯ ಗೋಡೆ ಬಿಡಬೇಕು, ಸೌಟಿನ ಹಿಂದೆ ತಳ ಕಾಣಬೇಕು. ತೆಂಗಿನ ಹಾಲು, ಬೆಲ್ಲದ ದೊದೊಲ್‌ಗೂ ಹೀಗೆಯೇ.

ಶಿರಸಿಯಲ್ಲಿರುವ ಅಕ್ಕನ ಮನೆಯಲ್ಲಿ ನನಗೊಂದು ಪಾಠವಾಯಿತು. ಹೊಸ ವರ್ಷಕ್ಕೆ ಹೋಗುವಾಗ ಥರ್ಮಾಮೀಟರನ್ನು ಟವೆಲ್‌ನಲ್ಲಿ ಸುತ್ತಿಕೊಂಡು, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಹೋದೆ. ಅದೇ ಡಬ್ಬಿಯ ಅಳತೆ, ಅದೇ 118. ಟಾಫಿ ಕಲ್ಲಾಯಿತು. ಅಕ್ಕ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಇದು ಮಾಯ್‌ದಲ್ಲ” ಎಂದಳು. ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಬರಿಯ ನೀರು ಕುದಿಸಿ ನೋಡಿದೆ. ಕೆಂಪು ಗೆರೆ 98ರಲ್ಲಿ ನಿಂತಿತು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಎರಡು ಡಿಗ್ರಿ ಮೊದಲೇ ಕುದಿಯುತ್ತದೆ. ಪಾಕವೂ ಅಷ್ಟೇ ಮೊದಲು ಹದಕ್ಕೆ ಬರುತ್ತದೆ. ಘಟ್ಟದ ಮೇಲೆ 118 ಎಂದರೆ ನಮ್ಮ ಕಡಲಂಚಿನ 120. ಇಷ್ಟು ವರ್ಷ ಕುದಿಯುವ ಬಿಂದುವಿನ ಪ್ರಯೋಗಕ್ಕೆ ಸಲಕರಣೆ ಜೋಡಿಸಿಕೊಟ್ಟವನಿಗೆ ಇದು ಮೊದಲೇ ಹೊಳೆಯಬೇಕಿತ್ತು. 116ಕ್ಕೆ ಇಳಿಸಿ ಮತ್ತೊಮ್ಮೆ ಮಾಡಿದೆ. ಅಕ್ಕ ತಿಂದು ಏನೂ ಹೇಳದೆ ಎರಡನೆಯ ತುಂಡು ತೆಗೆದುಕೊಂಡಳು.

ವರ್ಷಕ್ಕೊಮ್ಮೆ ಮಾಡುವವರಿಗೆ, ಮನೆಯಲ್ಲಿ ಪಾಕ ಬಲ್ಲ ಹಿರಿಯರು ಇರುವವರಿಗೆ ನಾನು ಇದನ್ನು ಗಟ್ಟಿಯಾಗಿ ಶಿಫಾರಸು ಮಾಡುತ್ತೇನೆ. ಅವರು ಇರುವಾಗಲೇ ಕೊಳ್ಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಬೆರಳ ಹದವನ್ನು ಅಂಕಿಯಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಟರಿಯ ಡಿಜಿಟಲ್ ಕೂಡ ಸಿಗುತ್ತದೆ. ಪಾಕ ಆಳವಿಲ್ಲದವರಿಗೆ ಅದು ಅನುಕೂಲ, ಆದರೆ 200 ಡಿಗ್ರಿವರೆಗೆ ತಾಳುತ್ತದೆಯೇ ಎಂದು ಓದಿ ನೋಡಿ ಕೊಳ್ಳಿ.

ಈ ನವೆಂಬರ್‌ನಲ್ಲಿ ಇನ್ನೊಂದನ್ನು ತರಿಸಿದ್ದೇನೆ, ಅಕ್ಕನಿಗೆ. ಕೆಂಪು ಗೆರೆ ತುಂಡಾಗಿಲ್ಲ. ಅದರ ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ 116 ಎಂದು ಬರೆದಿದ್ದೇನೆ.